ಕಾವಿಗೆ ಕಟ್ಟಿದ ಚೀಟಿ

ಕೃಷ್ಣಗಿರಿ
೧೦-೧-೧೯೮೫

ಚಿರಂಜೀವಿ ತಮ್ಮ ಅಂಜನಪ್ಪನಿಗೆ ಅಕ್ಕ ಮುನಿರತ್ನ ಮಾಡುವ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಮತ್ತಿಗಿರಿಯಲ್ಲಿ ನೀನು, ಪಾರ್ವತಿ, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಯಲ್ಲಿ ನೀನು ಬರೆದ ಕಾಗದಕ್ಕೆ ಸಂಕ್ರಾಂತಿ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. "ಕಾಲೇಜು ಮೇಡಮ್ಮಿಗೆ ಫ್ಯಾಕ್ಟ್ರಿ ತಮ್ಮ ಎಲ್ಲಿ ನೆಪ್ಪಿರ್ತಾನೆ" ಎಂದು ನೀನು ಪಾರ್ವತಿಯ ಮುಂದೆ ಹೇಳಿಯೇ ಇರುತ್ತೀಯ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ ಕಣೋ. ಮಗುವಿನ ಕೆಮ್ಮು ವಾಸಿಯಾಯಿತೇ? ನೈಟ್ ಶಿಫ್ಟ್ ಮುಗಿಸಿ ಬಂದವನು ಅದನ್ನು ಎಬ್ಬಿಸಿ ಆಡಿಸಬೇಡ.

ಹೋದ ಸಲ ಪಾರ್ವತಿ, "ಕೊಡ್ಲಿ ಏಟು ನೋಡಾಕೆ ಗೌರ್ಮೆಂಟು ದುಡ್ಡು ಕೊಡ್ತೈತಾ ಅಕ್ಕಾ?" ಎಂದು ನಕ್ಕಿದ್ದಳು. ಆಗ ಜಂಬದಿಂದ ನಾನೂ ನಕ್ಕಿದ್ದೆ. ಅವಳಿಗೆ ತಿಳಿಯುವ ಹಾಗೆ ಈಗ ಹೇಳುತ್ತೇನೆ. ಯಾವ ಹರಿತದ ಸಾಮಾನಿಗಾದರೂ ಬಾಯಲ್ಲಿ ಕಣ್ಣಿಗೆ ಕಾಣದ ಮುಕ್ಕುಗಳಿರುತ್ತವೆ. ಅದು ಕಡಿದ ಕಡೆಯಲ್ಲೆಲ್ಲ ಆ ಮುಕ್ಕುಗಳು ಗೆರೆ ಬಿಡುತ್ತವೆ. ಬಂದೂಕಿನ ಗುಂಡಿನ ಮೇಲೂ ಹೀಗೆಯೇ ಗೆರೆ ಬೀಳುತ್ತದೆ, ಪೊಲೀಸರ ದೊಡ್ಡ ಲ್ಯಾಬುಗಳಲ್ಲಿ ಅದನ್ನು ನೋಡಿ ಯಾವ ಬಂದೂಕೆಂದು ಹೇಳುತ್ತಾರೆ. ಇಂಥ ವಿಷಯಗಳಿಗೆ ಸಣ್ಣ ಊರಿನ ಕಾಲೇಜುಗಳಿಗೂ ಒಂದಿಷ್ಟು ಹಣ ಕೊಡೋಣವೆಂದು ದೆಹಲಿಯ ಸಮಿತಿಯೊಂದು ಯೋಚಿಸಿತು. ಒಬ್ಬನೇ ಕಮ್ಮಾರ ಒಂದೇ ಕುಲುಮೆಯಲ್ಲಿ ಮಾಡಿದ ಕೊಡಲಿಗಳನ್ನು ಅವುಗಳ ಏಟಿನಿಂದಲೇ ಬೇರೆ ಬೇರೆಯೆಂದು ಗುರುತಿಸಬಹುದೇ ಎಂದು ನಾನು ಕೇಳಿ ಬರೆದೆ. ಒಪ್ಪಿಗೆ ಬಂತು. ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಮೈಕ್ರೋಸ್ಕೋಪೂ ಬಂತು. ಪ್ರಿನ್ಸಿಪಾಲರು ಅದಕ್ಕೆ ಕುಂಕುಮ ಇಟ್ಟು ಕರ್ಪೂರ ಹಚ್ಚಿದರು.

ಕೊಡಲಿಗಳಿಗೆ ನಮ್ಮ ಗುಮ್ಮಳಾಪುರಕ್ಕಲ್ಲದೆ ಇನ್ನೆಲ್ಲಿಗೆ ಹೋಗಲಿ? ದೀಪಾವಳಿ ಆದ ಮೇಲೆ ಹೋಗಿ ಕೇಳಿದೆ, ಕೇರಿಯವರೆಲ್ಲ ಕೊಟ್ಟರು. ಪಕ್ಕದ ಮನೆಯ ಕದಿರಪ್ಪ ಮಾವನಂತೂ, "ತಗಂಡೋಗವ್ವ, ನಿನ್ ಓದ್ಗೆ ನನ್ ಕೊಡ್ಲಿ ಆಯ್ತದೆ ಅಂದ್ರೆ ನಂಗೇನು! ಸೌದೆ ಒಡೀಬೇಕು, ಬಿರ್ರನೆ ಕಳ್ಸ್‌ಬುಡು" ಎಂದ. ಯಾರದು ಯಾವುದೆಂದು ಕಲಸಿಹೋಗಬಾರದೆಂದು ಒಂದೊಂದರ ಮರದ ಕಾವಿಗೂ ಹೆಸರು ಬರೆದ ಚೀಟಿ ಕಟ್ಟಿದೆ.

ಇದು ಫಾರೆಸ್ಟಿನವರ ಕಿವಿಗೆ ಬಿತ್ತು. ಗೌರಿಹಬ್ಬದ ಆಸುಪಾಸಿನಲ್ಲಿ ಜವಳಗಿರಿ ಕಾಡಿನಲ್ಲಿ ಯಾರೋ ದೊಡ್ಡ ಗಂಧದ ಮರ ಉರುಳಿಸಿದ್ದರಂತೆ, ಅದರ ಬೊಡ್ಡೆಯಿಂದ ಒಂದು ತುಂಡು ಕುಯ್ದು ಇಟ್ಟಿದ್ದರು. ರೇಂಜರು ಅದನ್ನು ತಂದು, ಒಂದು ಸಲ ನೋಡಿಕೊಡಿ ಮೇಡಂ ಎಂದರು. ನೋಡಿದೆ. ಒಂದು ಕೊಡಲಿಯ ಗೆರೆಗಳೂ ಗಂಧದ ಮೇಲಿನ ಗೆರೆಗಳೂ ಕೂದಲೆಳೆಯಷ್ಟೂ ತಪ್ಪದೆ ಕೂಡಿದವು. ನನಗಾದ ಸಂತೋಷ ಏನು ಹೇಳಲಿ, ಕೂತ ಕಡೆ ಕೂರಲಾಗಲಿಲ್ಲ. ಸಿಕ್ಕಿತು ಎಂದು ಕೂಗಿಯೇಬಿಟ್ಟೆ. ಕಾವಿನ ಚೀಟಿಯನ್ನು ರೇಂಜರೇ ತಿರುಗಿಸಿ ಓದಿದರು. ಕದಿರಪ್ಪ ಎಂದಿತ್ತು.

ಮಾರನೆಯ ದಿನ ಜೀಪು ಹೋಯಿತು. ಮಾವ ಈಗ ಜೈಲಿನಲ್ಲಿದ್ದಾನೆ. ಆನೆ ಬರುತ್ತದೆಂದು ಹೆದರಿ ರಾಗಿ ಹೊಲದ ಅಟ್ಟಣೆಯಿಂದ ಇಳಿಯದಿದ್ದವನು ಕಾಡಿಗೆ ಹೋಗಿ ಗಂಧ ಕಡಿದನಂತೆ!

ಗಂಡನನ್ನು ಹಿಡಿದುಕೊಂಡು ಹೋದ ಮೇಲೆ ಪಿಳ್ಳಮ್ಮತ್ತೆ ಬಸ್ಸು ಹತ್ತಿ ಕಾಲೇಜಿಗೇ ಬಂದಳು. ಹುಡುಗಿಯರೆಲ್ಲ ನೋಡುತ್ತಿದ್ದ ಹಾಗೇ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡಳು. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಕಾವು ನಮ್ದೇ ಕಣವ್ವ, ಇಲ್ಲ ಅನ್ನಾಕಿಲ್ಲ. ಅದ್ರಾಗಿರೋ ಕಬ್ಬಿಣ ಯಾರ್ದೋ. ಆಯುಧಪೂಜೇಲಿ ಬದ್ಲಾಗಲ್ವಾ? ನೀನೂ ಅದೇ ಕೇರೀಲಿ ಬೆಳ್ದೋಳಲ್ವಾ?" ಎಂದಳು.

ಅಂಜನಪ್ಪ, ನನಗೆ ಅದು ನೆನಪೇ ಆಗಿರಲಿಲ್ಲ. ನಮ್ಮ ಕೇರಿಯಲ್ಲಿ ಆಯುಧಪೂಜೆಗೆ ಕೊಡಲಿಗಳನ್ನೆಲ್ಲ ಕಾವಿನಿಂದ ಬಿಡಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಮುನೇಶ್ವರನ ಮುಂದೆ ಒಂದೇ ರಾಶಿ ಹಾಕುತ್ತಾರೆ. ಪೂಜೆಯಾದ ಮೇಲೆ ಅವರವರ ಕಾವಿಗೆ ಯಾವುದು ಬಿಗಿಯಾಗಿ ಕೂರುತ್ತದೋ ಅದನ್ನು ಎತ್ತಿಕೊಳ್ಳುತ್ತಾರೆ. ಎಲ್ಲವೂ ಒಬ್ಬನೇ ಆಚಾರಿ ಬಡಿದದ್ದು, ಯಾವುದಾದರೇನು? ನಮಗೆ ಕೊಡಲಿ ಎಂದರೆ ಕಾವು. ಅಂಗೈಗೆ ಒಗ್ಗಿದ್ದು, ಬೆವರು ಕುಡಿದದ್ದು ಅದೇ ತಾನೆ. ಮದರಾಸಿನಿಂದ ಬಂದ ಯಾವನಾದರೂ ಆಗಿದ್ದರೆ ಕಬ್ಬಿಣದ ಮೇಲೇ ನಂಬರು ಹೊಡೆಯುತ್ತಿದ್ದ. ನಾನು ಊರಿನ ಮಗಳು, ಕಾವಿಗೆ ಕಟ್ಟಿದೆ. ಗಂಧದ ಮರ ಬಿದ್ದದ್ದು ಪೂಜೆಗೆ ಮೊದಲು, ನಾನು ಚೀಟಿ ಕಟ್ಟಿದ್ದು ಪೂಜೆ ಆದ ಮೇಲೆ. ನೋಡಿದ ಗೆರೆ ಸರಿಯೇ, ಹಿಡಿದ ಮನುಷ್ಯ ಮಾತ್ರ ತಪ್ಪು.

ಪ್ರಿನ್ಸಿಪಾಲರಿಗೆ ಇದೆಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದು, "ಪೇಸಾಮ ಇರುಮ್ಮಾ" ಎಂದರು. ಸುಮ್ಮನಿರಬೇಕಂತೆ. ಸಮಿತಿಯವರು ಬಹಳ ಖುಷಿಯಾಗಿದ್ದಾರಂತೆ, ಎರಡನೆಯ ವರ್ಷದ ಹಣವೂ ಬರುವುದರಲ್ಲಿದೆಯಂತೆ. ಈಗ ನಾನು ಬಾಯಿ ಬಿಟ್ಟರೆ ಹಳ್ಳಿಯ ಕಾಲೇಜಿಗೆ ಮೈಕ್ರೋಸ್ಕೋಪು ಕೊಟ್ಟದ್ದು ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎನ್ನುತ್ತಾರೆ, ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ರೇಂಜರಂತೂ ನಗುತ್ತಾ, "ಸೈನ್ಸ್ ಮಾತು ಬದಲಾಯಿಸುತ್ತದೆಯೇ ಮೇಡಂ?" ಎಂದು ಕೇಳಿದರು.

ಊರಿಗೆ ಹೋದರೆ ಇನ್ನೊಂದು ಕಥೆ. ಕರೆದು ಕಾಫಿ ಕೊಡುತ್ತಿದ್ದವರು ನನ್ನನ್ನು ಕಂಡು ಒಳಗೆ ಹೋಗುತ್ತಾರೆ. ಅವ್ವ ಬೀದಿ ನಲ್ಲಿಗೆ ನೀರಿಗೆ ಹೋಗುವುದನ್ನು ಬಿಟ್ಟಿದ್ದಾಳೆ. "ಓದ್ಸಿದ್ದೇ ತಪ್ಪಾಯ್ತು ಅಂತಾವ್ರೆ ಕಣೇ" ಎಂದು ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದಳು. ಕಾಲೇಜಿನಲ್ಲಿ ಹೊಗಳುತ್ತಾರೆ, ಕೇರಿಯಲ್ಲಿ ಉಗಿಯುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ.

ಹಬ್ಬ ಕಳೆದ ಮೇಲೆ ಹೊಸೂರು ಕೋರ್ಟಿನಲ್ಲಿ ನನ್ನ ಸಾಕ್ಷಿ. ಸರ್ಕಾರದ ಕಡೆಯಿಂದಲೇ ಕರೆದಿದ್ದಾರೆ. ಕಾವಿನ ಕಬ್ಬಿಣ ಬದಲಾಗಿದೆ ಎಂದು ನಾನು ಹೇಳಿಯೇ ಹೇಳುತ್ತೇನೆ. ಪ್ರಾಜೆಕ್ಟು ಹೋದರೆ ಹೋಗಲಿ, ಕೆಲಸ ಹೋದರೂ ಹೋಗಲಿ. ನನ್ನನ್ನು ನಂಬಿ ಕೈಗೆ ಕೊಡಲಿ ಕೊಟ್ಟವನನ್ನು ಜೈಲಿನಲ್ಲಿಟ್ಟು ನಾನು ಇಲ್ಲಿ ಹುಡುಗಿಯರಿಗೆ ಫಿಸಿಕ್ಸಿನಲ್ಲಿ ಬೆಳಕಿನ ಪಾಠ ಹೇಳಲಾರೆ.

ಹಬ್ಬಕ್ಕೆ ಪಾರ್ವತಿಯನ್ನೂ ಮಗುವನ್ನೂ ಅವ್ವನ ಹತ್ತಿರ ಕಳುಹಿಸು, ಅವಳಿಗೆ ಜೊತೆ ಬೇಕು. ನಿಮ್ಮ ಸಂಸಾರ ತಣ್ಣಗಿರಲಿ, ಮಗು ನೂರು ವರ್ಷ ಬಾಳಲಿ.

ಇಂತಿ ನಿನ್ನ ಅಕ್ಕ,
ಮುನಿರತ್ನ

ತಾ.ಕ.: ಮೇಲಿನದ್ದನ್ನೆಲ್ಲ ಪಾರ್ವತಿಗೆ ಓದಿ ಹೇಳು. ಇದನ್ನು ಮಾತ್ರ ನೀನೊಬ್ಬನೇ ಓದಿಕೊ.

ಆ ಕಬ್ಬಿಣ ಯಾರದೆಂದು ನೋಡದೆ ನಾನು ಬಿಟ್ಟೇನೆಯೇ? ಪೂಜೆಗೆ ಮೊದಲು ಅವರವರ ಕೊಡಲಿಯಲ್ಲಿ ಕಡಿದ ಮರದ ತುಂಡು ಕೊಡಿ ಎಂದು ಕೇರಿಯಲ್ಲಿ ಮನೆ ಮನೆಗೆ ಹೋದೆ. ಈ ಸಲ ಯಾರೂ ಕೊಡಲಿಲ್ಲ. ಕೊನೆಗೆ, ಬರಿಗೈಲಿ ಬರುವುದೇಕೆಂದು, ಗೌರಿಹಬ್ಬಕ್ಕೆ ಬಂದಿದ್ದಾಗ ನೀನು ನಮ್ಮ ಮನೆಯ ಕೊಡಲಿಯಲ್ಲಿ ಕಡಿದು ಕೊಟ್ಟಿಗೆಯಲ್ಲಿ ನೆಟ್ಟಿದ್ದ ಗೂಟವನ್ನೇ ಕಿತ್ತು ತಂದೆ. ಗಂಧದ ತುಂಡಿನ ಪಕ್ಕದಲ್ಲಿಟ್ಟೆ. ಕೂಡಿತು ಕಣೋ. ಬೆಳಕು ಬದಲಾಯಿಸಿದೆ, ತಿರುಗಿಸಿ ಇಟ್ಟೆ, ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಕೂಡುತ್ತಲೇ ಇತ್ತು. ಆ ಹಬ್ಬದ ಮಾರನೆಯ ದಿನ ನೀನು ನೇಗಿಲಿಗೆ ಮರ ನೋಡುತ್ತೇನೆಂದು ಜವಳಗಿರಿ ಕಡೆ ಹೋಗಿದ್ದೆಯಂತೆ, ಅವ್ವನೇ ಹೇಳಿದಳು. ಅವಳಿಗೆ ಏನೂ ಗೊತ್ತಿಲ್ಲ.

ನಾನಲ್ಲ ಎಂದು ಒಂದು ಸಾಲು ಬರೆ ಎನ್ನೋಣವೆಂದರೆ, ನೀನು ಬರೆದರೂ ನಾನು ನಂಬಲಾರೆ. ಈ ಹಾಳು ಕಣ್ಣಿನಿಂದ ನೋಡಿಬಿಟ್ಟಿದ್ದೇನೆ. ಕದಿರಪ್ಪನದಲ್ಲ ಎಂದು ನಾನು ಹೇಳಿದ ತಕ್ಷಣ, ಹಾಗಾದರೆ ಯಾರದು ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನಲು ನನಗೆ ನಾಲಗೆ ಏಳುವುದಿಲ್ಲ, ಗೊತ್ತು ಎನ್ನಲೂ ಏಳುವುದಿಲ್ಲ. ನೀನೇ ಮೊದಲು ಬಂದು ಹೇಳಿಬಿಡು, ತಮ್ಮಾ. ನಿನ್ನ ಹೆಸರು ನನ್ನ ಬಾಯಿಂದ ಬರುವ ಹಾಗೆ ಮಾಡಬೇಡ.