ನನ್ನ ಮೈದುನನ ಕಾಲು ಮತ್ತು ನಿಮ್ಮ ಭಾಷಣ

ಮಾನ್ಯ ಆರೋಗ್ಯಾಧಿಕಾರಿಗಳೇ,

ನೀವು ವೇದಿಕೆಯ ಮೇಲೆ ಆಡಿದ ಮಾತನ್ನು ನಂಬಿ ನನ್ನ ಮೈದುನ ತನ್ನ ಎರಡೂ ಕಾಲಿನ ಎಲುಬು ಕತ್ತರಿಸಿಕೊಳ್ಳಲು ಹೊರಟಿದ್ದಾನೆ. ಅವನ ಕಾಲಿಗೆ ಪೆಟ್ಟಾಗಿಲ್ಲ, ರೋಗವಿಲ್ಲ, ಹುಟ್ಟಿನಿಂದ ಬಂದ ಊನವೂ ಇಲ್ಲ. ಸ್ವಲ್ಪ ಎತ್ತರ ಕಾಣಬೇಕು, ಅಷ್ಟೇ. ವೇದಿಕೆಯ ಆ ಮಾತಿಗೆ ಯಾವ ಆಧಾರವೂ ಇರಲಿಲ್ಲವೆಂದು ನೀವೇ ನಿಮ್ಮ ಕೋಣೆಯಲ್ಲಿ ನನ್ನೆದುರು ಒಪ್ಪಿಕೊಂಡಿದ್ದೀರಿ. ಒಪ್ಪಿಕೊಂಡದ್ದು ನನ್ನೊಬ್ಬಳ ಮುಂದೆ, ಆಡಿದ್ದು ತುಂಬಿದ ಸಭೆಯ ಮುಂದೆ. ಅದಕ್ಕಾಗಿ ಈ ಪತ್ರವನ್ನು ಅಂಚೆಗೆ ಹಾಕದೆ ಪತ್ರಿಕೆಗೆ ಕೊಡುತ್ತಿದ್ದೇನೆ.

ನಿಮಗೆ ಇಂಥ ಸಭೆಗಳು ಬಹಳ ಇರುತ್ತವೆ, ಆದ್ದರಿಂದ ನೆನಪಿಸುತ್ತೇನೆ. ಲಕ್ಷ್ಮೇಶ್ವರದ ಕಲ್ಯಾಣ ಮಂಟಪದಲ್ಲಿ ನಮ್ಮ ಸಮಾಜದ ವಧು-ವರರ ಸಮಾವೇಶ. ನೀವು ಮುಖ್ಯ ಅತಿಥಿ. ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಹೆಸರು, ಓದು, ನೌಕರಿ, ಎತ್ತರ ಹೇಳಬೇಕು. ಕೆಳಗೆ ಕುಳಿತ ತಂದೆ ತಾಯಂದಿರು ಬೇಕಾದವರನ್ನು ಗುರುತು ಮಾಡಿಕೊಳ್ಳಬೇಕು. ನನ್ನ ಮೈದುನ ವೀರು ಮುಂಡರಗಿಯಲ್ಲಿ ಲೈನ್‌ಮನ್. ಹಮ್ಮಿಗಿ, ಕೊರ್ಲಹಳ್ಳಿಯ ಹೊಳೆದಂಡೆಯ ಪಂಪ್‌ಸೆಟ್ಟುಗಳಿಗೆ ಕರೆಂಟು ಹೋದರೆ ಜನ ಮೊದಲು ಅವನಿಗೇ ಫೋನು ಮಾಡುವುದು. ಸರ್ಕಾರಿ ನೌಕರಿ, ಚಟವಿಲ್ಲ, ಜಗಳವಿಲ್ಲ. ಹಾಗಿದ್ದೂ ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಚಹಾ ಕೊಟ್ಟಾದ ಮೇಲೆ ಇಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ ನೋಡಿದರು, ಆಮೇಲೆ ತಿಳಿಸುತ್ತೇವೆ ಎಂದರು. ಯಾರೂ ತಿಳಿಸಲಿಲ್ಲ.

ಅಂದು ಅವನು ವೇದಿಕೆ ಹತ್ತಿದಾಗ ಮೈಕು ಅವನ ಹಣೆಯ ಮಟ್ಟಕ್ಕಿತ್ತು. ನಿರೂಪಣೆ ಮಾಡುತ್ತಿದ್ದವರಿಗೆ ಹಾಸ್ಯ ಹೊಳೆಯಿತು. "ಮೈಕ್ ಕೆಳಗ ಇಳಸ್ರಿ, ಇಲ್ಲಾ ವರನ್ನ ಮ್ಯಾಲೆ ಎತ್ರಿ" ಎಂದರು. ಸಭೆ ನಕ್ಕಿತು. ನೀವೂ ನಕ್ಕಿರಿ. ಅದಕ್ಕೆ ನನ್ನ ತಕರಾರಿಲ್ಲ, ಸಭೆಯಲ್ಲಿ ನಗು ಬರುತ್ತದೆ. ಆದರೆ ನಿಮ್ಮ ಭಾಷಣದ ಸರದಿ ಬಂದಾಗ ನೀವು ಅವನನ್ನೇ ಹುಡುಕಿ ನೋಡಿ ಹೇಳಿದ ಮಾತು ಇದು: "ತಮ್ಮಾ, ಸಣ್ಣ ಮಾರಿ ಮಾಡಬ್ಯಾಡ. ಈಗ ಎತ್ತರನೂ ನಮ್ಮ ಕೈಯಾಗ ಐತಿ. ಹೊರಗ ದೊಡ್ಡ ಊರಿನ ಡಾಕ್ಟರು ಕುಂತಾರ. ಇಲಾಖೆದಾಗ ಎಲ್ಲಾ ತಪಾಸ ಮಾಡೇವಿ, ಅಂಜೂ ಕಾರಣ ಇಲ್ಲ."

ಹೊರಗೆ ಬಾಗಿಲ ಬಳಿ ಒಂದು ಖಾಸಗಿ ಆಸ್ಪತ್ರೆಯವರು ಮೇಜು ಹಾಕಿದ್ದರು. ಅಂದಿನ ಗೋದಿ ಹುಗ್ಗಿಯ ಊಟದ ಖರ್ಚು ಅವರದೇ, ನಿಮಗೆ ಹೊದಿಸಿದ ಶಾಲೂ ಅವರದೇ. ವೀರು ಉಣ್ಣುವುದಕ್ಕೂ ಮೊದಲು ಆ ಮೇಜಿಗೆ ಹೋದ.

ಅವರು ಕೊಟ್ಟ ಇಂಗ್ಲಿಷ್ ಪುಸ್ತಿಕೆ ಮನೆಯಲ್ಲಿ ನನ್ನ ಕೈಗೆ ಬಂತು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ನಮ್ಮ ಮನೆಯಲ್ಲಿ ಇಂಥವು ನನ್ನ ಪಾಲಿಗೇ ಬರುತ್ತವೆ. ಅದರಲ್ಲಿ ನಗುವ ಮುಖಗಳಿದ್ದವು, ಹೊಸ ಬದುಕು ಎಂಬ ಶಬ್ದವಿತ್ತು, ಎಲುಬು ಎಂಬ ಶಬ್ದ ಮಾತ್ರ ಕಷ್ಟಪಟ್ಟು ಹುಡುಕಬೇಕಿತ್ತು. ಹುಬ್ಬಳ್ಳಿಗೆ ಹೋಗಿ ಪರಿಚಯದ ಎಲುಬಿನ ಡಾಕ್ಟರನ್ನು ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು. ಎಲುಬನ್ನು ಕತ್ತರಿಸುತ್ತಾರೆ. ಸರಳು ಹಾಕಿ ಎರಡು ತುಂಡುಗಳನ್ನು ದಿನಾ ಒಂದಿಷ್ಟೇ ದೂರ ಸರಿಸುತ್ತಾರೆ. ನಡುವೆ ಹೊಸ ಎಲುಬು ಬೆಳೆಯಬೇಕು, ಅದರ ಜೊತೆ ನರ ಮತ್ತು ಸ್ನಾಯು ಹಿಗ್ಗಬೇಕು. ತಿಂಗಳುಗಟ್ಟಲೆ ನೋವು, ವ್ಯಾಯಾಮ, ಊರುಗೋಲು. ಕೀವಾಗಬಹುದು, ಕೀಲು ಬಿಗಿಯಬಹುದು, ಎಲುಬು ಕೂಡದೆಯೂ ಇರಬಹುದು. ಒಂದು ಕಾಲು ಗಿಡ್ಡವಾಗಿ ಕುಂಟುವವರಿಗೆ ಇದು ದೊಡ್ಡ ಉಪಕಾರ, ನಾನೇ ಮಾಡಿದ್ದೇನೆ ಎಂದರು. ವೀರುವಿನ ಕೆಲಸ ಏನೆಂದು ಕೇಳಿದರು. ಹೇಳಿದೆ. "ಕಂಬಾ ಹತ್ತಿ ಉಣ್ಣೋ ಮನಶಾಗ ನಾ ಅಂತೂ ಇದನ್ನ ಮಾಡೂದಿಲ್ರಿ" ಎಂದರು.

ಇದನ್ನೆಲ್ಲ ವೀರುವಿಗೆ ಹೇಳಿದೆ. ಅವನು ಕೇಳಿಸಿಕೊಂಡ, ಸಿಟ್ಟಾಗಲಿಲ್ಲ. "ವೈನಿ, ಆ ಡಾಕ್ಟರ ಒಬ್ಬಾವ ಹೇಳ್ಯಾನ. ಸರಕಾರದ ಮನಶಾ ಅಷ್ಟ ಮಂದಿ ಮುಂದ ಸುಳ್ಳ ಹೇಳ್ತಾನೇನು? ನೀವು ಎತ್ತರ ಅದೀರಿ, ನಿಮಗ ತಿಳಿಯೂದಿಲ್ಲ." ಅವನ ತಾಯಿ, ನಮ್ಮ ಅತ್ತೆ ಗದಿಗೆವ್ವ, ಅವನ ಕಡೆ ನೋಡದೆಯೇ ಹೇಳಿದರು: "ಕಂಬದ ಮ್ಯಾಲೆ ನಿಂತಾಗ ಊರ ಮಂದೆಲ್ಲಾ ನಿನ್ನ ತಲಿ ಎತ್ತೇ ನೋಡ್ತೈತಿ. ಇನ್ನೆಷ್ಟ ಎತ್ತರ ಬೇಕಲೇ ನಿನಗ?" ಅವನು ನಕ್ಕ. ಆದರೆ ಮರುದಿನವೇ ದೀರ್ಘ ರಜೆಗೆ ಅರ್ಜಿ ಹಾಕಿ ಬಂದ.

ಅವನ ಕೊನೆಯ ಮಾತು ನನ್ನನ್ನು ಬಿಟ್ಟಿಲ್ಲ. ನಿಜ, ನನಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ನನ್ನ ಕೈಗೆ ಸಿಗುತ್ತದೆ, ಫೋಟೋದಲ್ಲಿ ನನ್ನನ್ನು ಯಾರೂ ಮುಂದಿನ ಸಾಲಿಗೆ ಕರೆದಿಲ್ಲ. ನಾಳೆ ನನ್ನ ಮಗಳಿಗೆ ಅವಳ ಭುಜದ ಮಟ್ಟದ ವರ ಬಂದರೆ ನಾನು ಏನು ಹೇಳುತ್ತೇನೆ? ಆಮೇಲೆ ತಿಳಿಸುತ್ತೇನೆ ಎನ್ನುವುದಿಲ್ಲವೇ? ಖಾತ್ರಿಯಾಗಿ ಹೇಳಲಾರೆ. ಬೆಳೆದ ಗಂಡಸು ತನ್ನ ಮೈಯ ಬಗ್ಗೆ ತಾನು ತೀರ್ಮಾನ ತೆಗೆದುಕೊಳ್ಳುವಾಗ ಬೇಡವೆನ್ನಲು ನಾನು ಯಾರು ಎಂದೂ ಕೇಳಿಕೊಂಡಿದ್ದೇನೆ. ಅದಕ್ಕೇ ನಿಮ್ಮ ಕಚೇರಿಗೆ ಬಂದೆ. ನೀವು ನಿಜಕ್ಕೂ ತಪಾಸಣೆ ಮಾಡಿದ್ದರೆ ನನ್ನ ಅಂಜಿಕೆಯೇ ತಪ್ಪಿರಬಹುದು, ಅದನ್ನು ನಿಮ್ಮಿಂದಲೇ ಕೇಳಿ ನೆಮ್ಮದಿಯಿಂದ ಮನೆಗೆ ಹೋಗೋಣ ಎಂದುಕೊಂಡಿದ್ದೆ.

ನೀವು ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ. ಏನು ತಪಾಸಣೆ ಮಾಡಿದಿರಿ ಎಂದು ಕೇಳಿದೆ. ಆ ಆಸ್ಪತ್ರೆ ನಿಮ್ಮ ಜಿಲ್ಲೆಯಲ್ಲೇ ಇಲ್ಲ, ಅದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ಹಾಗಾದರೆ ಅಂದು ಹಾಗೇಕೆ ಹೇಳಿದಿರಿ ಎಂದು ಕೇಳಿದೆ. ನಿಮಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಕ್ಕಾರ, ಶಾಲು ಹೊದಿಸಿದ ಮ್ಯಾಲೆ ಅವರ ಬಗ್ಗೆ ನಾಕು ಛಲೋ ಮಾತು ಆಡಬೇಕಲ್ರಿ. ಎಲ್ಲಾರೂ ಆಡ್ತಾರ. ಅದನ್ನ ಖರೇ ಅಂತ ಹಿಡಕೊಂಡ ಕುಂತ್ರ ಹೆಂಗ್ರಿ?"

ನಿಮ್ಮ ಮಾತು ನನಗೆ ಹೊಸದಲ್ಲ. ಗದಗ, ಬೆಟಗೇರಿ, ಶಿರಹಟ್ಟಿ, ಯಾವ ಸಭೆಗೆ ಹೋದರೂ ಇದೇ ಪದ್ಧತಿ. ಹಾರ ಹಾಕಿಸಿಕೊಂಡವರು ಹಾಕಿದವರನ್ನು ಹೊಗಳುತ್ತಾರೆ. ಊಟ ಹಾಕಿಸಿದವರು ದಾನಶೂರರಾಗುತ್ತಾರೆ. ನಾವು ಕೆಳಗೆ ಕುಳಿತು ಅರ್ಧ ಕೇಳುತ್ತೇವೆ, ಅರ್ಧ ಬಿಡುತ್ತೇವೆ. ಯಾರಿಗೂ ಕೆಡುಕಾಗುವುದಿಲ್ಲ. ಆದರೆ ಸ್ವಾಮಿ, ನೀವು ಹೊಗಳಿದ್ದು ಎಲೆ ಅಡಕೆಯ ಅಂಗಡಿಯನ್ನಲ್ಲ. ಎಲ್ಲರೂ ನಕ್ಕ ಮೇಲೆ ಆ ಸಭೆಯಲ್ಲಿ ಅವನೊಬ್ಬನನ್ನು ತಮ್ಮಾ ಎಂದು ಕರೆದು, ಸರ್ಕಾರದ ಹೆಸರು ಹಿಡಿದು ಅಂಜಬೇಡ ಎಂದಿರಿ. ವೀರು ಉಳಿದ ದಿನ ಭಾಷಣಗಳಿಗೆ ಕಿವಿಗೊಡುವವನಲ್ಲ. ಅಂದು ಕಿವಿಗೊಟ್ಟ, ಯಾಕೆಂದರೆ ಅಷ್ಟು ಮನೆಗಳ ಮೌನದ ಮೇಲೆ ಅವನಿಗೆ ಸಿಕ್ಕ ಮೊದಲ ಉತ್ತರ ಅದಾಗಿತ್ತು. ಖಾಸಗಿಯವರು ತಮ್ಮ ಸರಕು ಮಾರುತ್ತಾರೆ, ಅವರ ಬಗ್ಗೆ ನನಗೆ ಆಶ್ಚರ್ಯವಿಲ್ಲ. ಅವರ ಮಾತಿಗೆ ಸರ್ಕಾರದ ಮುದ್ರೆ ಒತ್ತಿಕೊಟ್ಟವರು ನೀವು. ನಿಮ್ಮ ಹುದ್ದೆಯನ್ನು ನಾವು ನಂಬಿದ್ದು ತಪ್ಪೇ? ತಪ್ಪಾದರೆ ಲಸಿಕೆ ಹಾಕಿಸಿ, ನೀರು ಕುದಿಸಿ ಕುಡಿಯಿರಿ ಎಂದು ನೀವು ಹೇಳಿದಾಗಲೂ ಯಾರೋ ಶಾಲು ಹೊದಿಸಿದ್ದರೇನೋ ಎಂದು ನಾವು ವಿಚಾರಿಸಬೇಕೇ?

ನಿಮ್ಮ ಕೋಣೆಯಲ್ಲಿ ನಡೆದ ಮಾತನ್ನೂ ವೀರುವಿಗೆ ಹೇಳಿದೆ. ಅವನು ನಂಬಲಿಲ್ಲ. ತಡೆಯಲು ನಾನೇ ಕಟ್ಟಿದ ಕಥೆ ಎಂದುಕೊಂಡಿದ್ದಾನೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ನಾನು ಸುಳ್ಳುಗಾರ್ತಿಯಾಗಿದ್ದೇನೆ, ನೀವು ಸತ್ಯವಂತರಾಗಿದ್ದೀರಿ.

ನನ್ನ ಬೇಡಿಕೆ ಸಣ್ಣದು. ವಿಚಾರಣಾ ಸಮಿತಿ ಬೇಡ, ಪತ್ರಿಕಾ ಸ್ಪಷ್ಟೀಕರಣ ಬೇಡ, ಕ್ಷಮೆಯನ್ನೂ ಕೇಳುತ್ತಿಲ್ಲ. ದೀಪಾವಳಿ ಮುಗಿದ ಮೇಲೆ ಅವನು ಆಸ್ಪತ್ರೆಗೆ ಸೇರುತ್ತಾನೆ. ಅದಕ್ಕೆ ಮೊದಲು ನೀವು ಮುಂಡರಗಿಗೆ, ಅವನಿರುವಲ್ಲಿಗೆ ಬನ್ನಿ. ಹಾರ ಇರುವುದಿಲ್ಲ, ಕುರ್ಚಿ ಇರುತ್ತದೆ. ಅವನೆದುರು ಕುಳಿತು, ನಾನು ಏನನ್ನೂ ತಪಾಸಣೆ ಮಾಡಿರಲಿಲ್ಲ ತಮ್ಮಾ, ಎಂದು ನಿಮ್ಮ ಬಾಯಿಂದ ಹೇಳಿ. ಅಷ್ಟು ಕೇಳಿಯೂ ಅವನು ಹೋಗುತ್ತೇನೆ ಎಂದರೆ ನಾನೇ ಅವನ ಬಟ್ಟೆ ಜೋಡಿಸುತ್ತೇನೆ, ಜೊತೆಗೆ ಹೋಗುತ್ತೇನೆ, ಅವನು ಮತ್ತೆ ನಡೆಯುವವರೆಗೂ ಹಾಸಿಗೆಯ ಪಕ್ಕ ಇರುತ್ತೇನೆ. ಆಗ ಅದು ಅವನ ತೀರ್ಮಾನವಾಗಿರುತ್ತದೆ. ಈಗ ಅದು ನಿಮ್ಮದು.

ಇಂತಿ,
ಅಂದು ನಿಮ್ಮ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ
ಶಿವರಂಜನಿ, ಬೆಟಗೇರಿ