ರಾಜಾತಿ ಅಕ್ಕನ ತಪ್ಪು ಎಂದು ನೀವು ಬರೆದ ಸಾಲು

ಮಾನ್ಯ ಮೋಟಾರು ವಾಹನ ಇನ್ಸ್‌ಪೆಕ್ಟರ್ ಅವರೇ,

ರಿವರ್ಸ್ ಬಾರದ ನನಗೆ ನೀವು ಲೈಸೆನ್ಸ್ ಕೊಟ್ಟಿರಿ. ನಾನು ಕಾರು ಹಿಂದಕ್ಕೆ ಬಿಟ್ಟು ಒಬ್ಬ ಹೆಂಗಸಿನ ಕಾಲು ಮುರಿದ ಮೇಲೆ, ತಪ್ಪು ಆಕೆಯದೇ ಎಂದು ವರದಿ ಬರೆದಿರಿ. ಎರಡು ಸಲವೂ ನಾನು ಕೈಮುಗಿದು ಸುಮ್ಮನಿದ್ದೆ. ಹಾಗಾಗಿ ಈ ಪತ್ರದಲ್ಲಿ ನಿಮ್ಮ ಮೇಲಿನ ಕೋಪಕ್ಕಿಂತ ನನ್ನ ನಾಚಿಕೆಯೇ ಹೆಚ್ಚು.

ಪರೀಕ್ಷೆಯ ದಿನ ನೆನಪಿದೆಯೇ? ಮೈದಾನದಲ್ಲಿ ಒಂದು ಸುತ್ತು ಓಡಿಸಿದೆ. ರಿವರ್ಸ್ ಹಾಕಲು ಗೇರಿಗಾಗಿ ತಡಕಾಡುವಾಗ ನೀವು "ಪೋದುಂ ವಾತ್ಯಾರೇ, ಸಾಕು ಮೇಷ್ಟ್ರೇ, ಇಳೀರಿ" ಎಂದು ನಕ್ಕಿರಿ. ನಿಮ್ಮ ಮಗಳು ನನ್ನ ಕ್ಲಾಸಿನಲ್ಲಿದ್ದಳಲ್ಲ! ಮೇಷ್ಟರಾದವನು ಹಿಂದೆ ನೋಡಬೇಕಾಗಿಲ್ಲ ಎಂದು ಯಾವ ಕಾನೂನಿನಲ್ಲಿದೆ, ಸ್ವಾಮಿ?

ಹಳೆಯ ಮಾರುತಿ ಕೊಂಡೆ. ರಿವರ್ಸ್ ಹಾಕಿದರೆ ತಾನೇ ಹಾಡುವ ಪೆಟ್ಟಿಗೆಯನ್ನು ಮೆಕ್ಯಾನಿಕ್ ಶಂಕರ್ ಅದಕ್ಕೆ ಕೂಡಿಸಿದ. ಹಾಡು ಕೇಳಿದರೆ ಕೋಳಿ, ನಾಯಿ, ಮಕ್ಕಳು ಎಲ್ಲ ಸರಿಯುತ್ತಿದ್ದವು. ಬರಬರುತ್ತ ನಾನು ಕತ್ತು ತಿರುಗಿಸುವುದನ್ನೇ ಬಿಟ್ಟೆ.

ತಮಿಳು ಊರಾದ ಎಡಪ್ಪಾಡಿಯಲ್ಲಿ ನಮ್ಮದು ಕನ್ನಡ ಮನೆಮಾತಿನ ನೇಕಾರರ ಬೀದಿ. ಬೆಳಿಗ್ಗೆ ಹಾಸಿನ ನೂಲನ್ನು ಬೀದಿಯುದ್ದ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಅದನ್ನೇ ಪಾವು ಎನ್ನುತ್ತೇವೆ. ಆ ದಿನ ತುದಿಯ ಗೂಟ ಸಡಿಲವಾಗಿತ್ತು. ಅದನ್ನು ಮತ್ತೆ ಹೊಡೆಯುವ ತನಕ ಪಕ್ಕದ ಮನೆಯ ರಾಜಾತಿ ಅಕ್ಕ ಮೈಭಾರ ಹಾಕಿ ಪಾವು ಹಿಡಿದು ನಿಂತಿದ್ದರು. ಹಸಿ ಪಾವಿನ ತುದಿ ಬಿಟ್ಟರೆ ಸಾವಿರಾರು ಎಳೆ ಸಿಕ್ಕಾಗಿ, ಅಷ್ಟೂ ಹಾಳು. ಹಿಡಿದವರು ಏನೇ ಆದರೂ ಬಿಡುವುದಿಲ್ಲ. ನೇಕಾರರ ಮನೆಯಲ್ಲೇ ಹುಟ್ಟಿದ ನನಗೆ ಇದು ತಿಳಿಯದೇ? ಹಾಡು ಹಾಡಿತು, ಎಲ್ಲರೂ ಕೂಗಿದರು. ಸರಿಯುತ್ತಾರೆ ಬಿಡು ಎಂದುಕೊಂಡು ನಾನು ಹಿಂದಕ್ಕೆ ಬಿಟ್ಟೆ.

ಚಕ್ರ ಅವರ ಪಾದದ ಮೇಲಿತ್ತು. ಕೈಯಲ್ಲಿ ಪಾವು ಹಾಗೇ ಇತ್ತು. ಅವರು ಮೊದಲು ಕೇಳಿದ್ದು, "ಪಾವು ಕೆಟ್ಟೋಯ್ತಾ?"

ನೀವು ಕಾರು ನೋಡಲು ಬಂದಿರಿ. ಬ್ರೇಕ್ ಸರಿ, ಹಾಡೂ ಸರಿ ಎಂದು ಬರೆದುಕೊಂಡಿರಿ. ಹಾಡು ಕೇಳಿಯೂ ಯಾಕೆ ಸರಿಯಲಿಲ್ಲ ಎಂದು ಆಕೆಯನ್ನು ಗದರಿಸಿದಿರಿ. ನೋವಿನಲ್ಲೂ ರಾಜಾತಿ ಅಕ್ಕ ನನ್ನ ಮುಖ ನೋಡಿದರು. "ತಪ್ಪು ನಂದೇ ಸಾರ್. ನಾನೇ ಅಡ್ಡ ನಿಂತಿದ್ದೆ. ವಾತ್ಯಾರು ಒಳ್ಳೇವ್ರು, ಅವ್ರ್ ಕೆಲ್ಸುಕ್ಕೆ ಏನೂ ಆಗ್ಬಾರ್ದು" ಎಂದರು. ಹೌದೇ ಎಂದು ನೀವು ನನ್ನನ್ನು ಕೇಳಿದಿರಿ. ಹಿಂದೆ ನೋಡಲು ತಿರುಗದ ಈ ಕತ್ತು ಆಗ ಹೌದೆಂದು ಸಲೀಸಾಗಿ ಅಲ್ಲಾಡಿತು.

ಅದು ಮಗ್ಗದ ಮೆಟ್ಟು ತುಳಿಯುವ ಕಾಲು. ಈಗ ಅವರ ಮಗ್ಗ ನಿಂತಿದೆ. ಬೀದಿಯ ಮಕ್ಕಳು ಅವರನ್ನು ಕಾರಿಗೆ ಅಡ್ಡ ನಿಂತ ರಾಜಾತಿ ಎಂದು ಕರೆಯುತ್ತಾರೆ. ಕೇಳಿದಾಗೆಲ್ಲ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ.

ಜಪಾನಿನಲ್ಲಿ ಕಾರಿನ ಹಿಂದೆ ಕ್ಯಾಮೆರಾ ಇಟ್ಟು, ಹಿಂದಿನದನ್ನು ಮುಂದೆ ಸಣ್ಣ ಟಿವಿಯಲ್ಲಿ ತೋರಿಸುತ್ತಾರಂತೆ, ಶಂಕರ್ ಹೇಳಿದ. ತೋರಿಸಲಿ. ಕನ್ನಡಿ ಇದ್ದೂ ನೋಡದವನಿಗೆ ಟಿವಿ ಏನು ಮಾಡೀತು?

ಆ ಸಾಲು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆಯಿರಿ. ನನ್ನ ಲೈಸೆನ್ಸ್ ಇದರೊಂದಿಗಿದೆ. ರಿವರ್ಸ್ ಪರೀಕ್ಷೆಯನ್ನು ನಮ್ಮ ಬೀದಿಯಲ್ಲೇ ಮಾಡಿ. ರಾಜಾತಿ ಅಕ್ಕ ಪಾಸು ಎಂದರೆ ಮಾತ್ರ ಅದನ್ನು ವಾಪಸ್ ಕೊಡಿ. ಇದರ ತಮಿಳು ಪ್ರತಿ ನಿಮ್ಮ ಕಚೇರಿಗೆ. ಈ ಮನೆಮಾತಿನ ಪ್ರತಿಯನ್ನು ನಾಳೆ ಬೆಳಿಗ್ಗೆ, ಪಾವು ಚಾಚುವ ಹೊತ್ತಿಗೆ, ರಾಜಾತಿ ಅಕ್ಕನ ಬಾಗಿಲಲ್ಲಿ ನಿಂತು ನಾನೇ ಗಟ್ಟಿಯಾಗಿ ಓದುತ್ತೇನೆ.

ಇಂತಿ,
ಅಂದು ತಲೆಯಾಡಿಸಿದ, ಇಂದು ತಲೆ ಎತ್ತಲಾಗದ
ಕುಪ್ಪಸ್ವಾಮಿ ಮೇಷ್ಟ್ರು