ಹೆಸರಿಲ್ಲದ ಉಸಿರುಗಳು

ಬ್ಯಾಡಗಿ
ಘಾಟಿನ ತಿಂಗಳ ಮೂವತ್ತೇಳನೆಯ ದಿನ, 2191

ಫಕ್ಕೀರವ್ವನವರಿಗೆ ಹೊನ್ನವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ ಮೂವತ್ತೇಳು ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಮ್ಮಲ್ಲಿ ತಿಂಗಳನ್ನು ಗಾಳಿ ನೋಡಿ ಹೇಳುತ್ತಾರೆ. ಹೊಲದ ಬದುವಿನ ಕಳೆ ಹೂ ಬಿಟ್ಟರೆ ಹೂಧೂಳಿನ ತಿಂಗಳು, ಗೋಡೆಗಳು ಬೆವರಿ ಬೂಸು ಹಿಡಿದರೆ ಬೂಸಿನ ತಿಂಗಳು, ಮೆಣಸಿನಕಾಯಿ ಪೇಟೆಗೆ ಬಂದರೆ ಘಾಟಿನ ತಿಂಗಳು. ಗಾಳಿ ತಿಳಿಯಾಗುವವರೆಗೆ ತಿಂಗಳು ಮುಗಿಯುವುದಿಲ್ಲ. ತಿಂಗಳ ಸಂಬಳದವರು ಇದನ್ನು ಯಾವತ್ತೂ ಒಪ್ಪಿಲ್ಲ, ಆದರೆ ಅವರ ಮಾತು ಕೇಳುವವರು ನಿಮ್ಮ ಕಾಲದಲ್ಲೂ ಇರಲಿಲ್ಲ ಎಂದುಕೊಂಡಿದ್ದೇನೆ. ಮುಂದೆಯೂ ಇಂಥ ವಿಚಿತ್ರ ಮಾತುಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ. ನಿಮ್ಮನ್ನು ಏನೆಂದು ಕರೆಯಬೇಕೋ ಅದೂ ತಿಳಿಯುತ್ತಿಲ್ಲ. ನಿಮ್ಮ ಹಿರಿಯ ಮಗಳು, ಅವಳ ಹಿರಿಯ ಮಗಳು ಎಂದು ಇಳಿಯುತ್ತ ಬಂದರೆ ಕೊನೆಗೆ ನಾನು ಸಿಗುತ್ತೇನೆ. ಆ ಲೆಕ್ಕದಲ್ಲಿ ನೀವು ಅಜ್ಜಿಯರಿಗೆಲ್ಲ ಅಜ್ಜಿ. ಆದರೆ ನಾನು ಕೇಳಿದ ನಿಮ್ಮ ದನಿ ಇಪ್ಪತ್ತರ ಆಸುಪಾಸಿನ ಹುಡುಗಿಯದು, ನನಗೋ ಕೂದಲು ನರೆಯುತ್ತಿದೆ.

ನಿಮ್ಮ ದನಿ ನನಗೆ ಹೇಗೆ ಸಿಕ್ಕಿತು ಎಂದು ಮೊದಲು ಹೇಳಬೇಕು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆಂದು ದವಾಖಾನೆಯವರು ನಿಮ್ಮ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಾರಲ್ಲ, ದಿನಾ ಬೆಳಿಗ್ಗೆ ರಾತ್ರಿ ಕೆಮ್ಮು ಬಂತೇ ಎಂದು ಕೇಳುತ್ತದೆ, ಫೋನಿಗೆ ಜೋರಾಗಿ ಊದಿ ಎನ್ನುತ್ತದೆ, ಊದಿದ ಮೇಲೆ ಇವತ್ತು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಸಿರಿನ ಪಂಪು ಜೊತೆಗಿರಲಿ ಎಂದು ಬುದ್ಧಿ ಹೇಳುತ್ತದೆ. ಆ ಆ್ಯಪ್ ಸಾಯಲಿಲ್ಲ. ಫೋನುಗಳೆಲ್ಲ ಹೋದ ಮೇಲೆ ಅದು ಗೋಡೆಗೆ ಬಂತು, ದೀಪಕ್ಕೆ ಬಂತು, ಕೊನೆಗೆ ಬಾಗಿಲಿನ ಚಿಲಕಕ್ಕೆ ಬಂತು. ಈಗ ಅದನ್ನು ಉಸಿರಾಳು ಎನ್ನುತ್ತೇವೆ. ಹೆಸರಿಗೆ ಆಳು, ಯಜಮಾನಿಕೆ ಎಲ್ಲ ಅದರದೇ.

ಅದನ್ನು ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ತಂಗಿ ಸಾವಂತ್ರಿಗೆ ಹುಟ್ಟಿನಿಂದ ದಮ್ಮು. ಅವಳು ಚಿಕ್ಕವಳಿದ್ದಾಗ, ನಮಗೆ ಯಾರಿಗೂ ಸುಳಿವು ಸಿಗುವ ಮೊದಲೇ ಉಸಿರಾಳು ಅವಳ ಎದೆಯೊಳಗಿನ ಸಿಳ್ಳನ್ನು ಕೇಳಿಸಿಕೊಂಡು ದವಾಖಾನೆಯವರನ್ನು ಕರೆಸಿತ್ತು. ಅವಳು ಇವತ್ತು ಬದುಕಿದ್ದಾಳೆಂದರೆ ಅದರಿಂದಲೇ. ನಮ್ಮ ಊರಿನಲ್ಲಿ ಉಬ್ಬಸದಿಂದ ಯಾರಾದರೂ ಸತ್ತದ್ದು ನನಗೆ ನೆನಪಿಲ್ಲ. ಅದಕ್ಕಾಗಿ ನಾವು ಬಿಟ್ಟುಕೊಟ್ಟದ್ದು ನಿಮಗೆ ತಮಾಷೆಯಾಗಿ ಕಾಣಬಹುದು. ಒಗ್ಗರಣೆ ಹಾಕುವ ಮುನ್ನ ಓಣಿಗೆಲ್ಲ ಸುದ್ದಿ ಹೋಗುತ್ತದೆ, ಓಣಿಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಆಮೇಲೆ ಒಲೆ ಹೊತ್ತುತ್ತದೆ. ಊದಿನಕಡ್ಡಿಯನ್ನು ಹಚ್ಚದೆ ಬರೀ ದೇವರ ಮುಂದೆ ಇಡುತ್ತೇವೆ, ದೇವರು ಹೊಂದಿಕೊಂಡಿದ್ದಾನೆ. ಬೆಕ್ಕುಗಳು ಊರ ಹೊರಗೆ ಬೇಲಿಯಾಚೆ ಇರುತ್ತವೆ, ಮಕ್ಕಳನ್ನು ರಜೆಯಲ್ಲಿ ಕರೆದುಕೊಂಡು ಹೋಗಿ ದೂರದಿಂದ ತೋರಿಸುತ್ತಾರೆ. ನಿಮ್ಮಲ್ಲಿ ಮದುವೆಗೆ ಮುನ್ನ ಜಾತಕ ನೋಡುತ್ತಿದ್ದರಂತೆ, ನಮ್ಮಲ್ಲಿ ಗಾಳಿನಂಟು ನೋಡುತ್ತಾರೆ. ಒಬ್ಬರ ಮೈಮೇಲಿನ ಧೂಳು, ವಾಸನೆ ಇನ್ನೊಬ್ಬರ ಎದೆಗೆ ಆಗಿಬಂದರೆ ಅವರು ಗಾಳಿನಂಟರು. ಆಗಿಬರದಿದ್ದರೆ ಅವರಿಬ್ಬರ ನಡುವೆ ಒಂದು ಗಾಜು ಇರುತ್ತದೆ. ಹೀಗೆ ಗಾಜಿನ ಈಚೆ ಆಚೆ ನಿಂತು ಮಾತಾಡುವುದು ನಮಗೆಲ್ಲ ರೂಢಿಯಾಗಿದೆ.

ಈಗ ನನ್ನ ಸಂಗತಿಗೆ ಬರುತ್ತೇನೆ. ನೀವು ಮುಪ್ಪಾದ ಮೇಲೆ ನಿಮ್ಮ ಫೋನನ್ನು ಮೂಗುತಿಯ ಜೊತೆಗೆ ಹಿರಿಯ ಮಗಳ ಕೈಗೆ ಕೊಟ್ಟಿರಂತೆ. ಅವಳು ಹೊಸ ಖಾತೆ ತೆರೆಯದೆ ನಿಮ್ಮ ಖಾತೆಯಲ್ಲೇ ಊದುತ್ತ ಹೋದಳು. ಅವಳು ತನ್ನ ಹಿರಿಯ ಮಗಳಿಗೆ ಕೊಟ್ಟಳು. ತಾಯಿಯದು ಹಿರಿಯ ಮಗಳಿಗೆ ಬರುವುದು ನಮ್ಮ ಮನೆತನದ ಪದ್ಧತಿಯಾಯಿತು, ಉಳಿದ ಮಕ್ಕಳು ತಮ್ಮ ತಮ್ಮ ಹೊಸ ಖಾತೆ ಮಾಡಿಕೊಂಡರು. ಹೀಗೆ ಇಳಿದು ಬರುವ ದಾಖಲೆಯನ್ನು ಮನೆಯುಸಿರು ಎನ್ನುತ್ತಾರೆ, ಉಸಿರಾಳು ಅದನ್ನು ತುಂಬಾ ಮರ್ಯಾದೆಯಿಂದ ಕಾಣುತ್ತದೆ. ನನ್ನ ಅವ್ವನ ಕಾಲದವರೆಗೂ ಅದು ಬರೀ ಸಲಹೆ ಹೇಳುತ್ತಿತ್ತು, ಬೇಕಾದರೆ ಕೇಳಬಹುದು, ಬೇಡವಾದರೆ ಬಿಡಬಹುದು. ಚಿಲಕ ಅದರ ಕೈಗೆ ಹೋದದ್ದು ಅವ್ವ ತೀರಿಕೊಳ್ಳುವ ಹೊತ್ತಿಗೆ. ಅವ್ವನ ಮೂಗುತಿಯೂ ಮನೆಯುಸಿರೂ ಒಟ್ಟಿಗೆ ನನಗೆ ಬಂದವು. ಅದನ್ನು ಪರೀಕ್ಷೆ ಮಾಡಿದ ಉಸಿರಾಳು ನನಗೆ ಒಂಟಿಗಾಳಿ ಎಂದು ಬರೆಯಿತು. ಅಂದರೆ ಈ ಹೆಂಗಸಿಗೆ ಯಾರ ಗಾಳಿಯೂ ಆಗುವುದಿಲ್ಲ, ಇವಳ ಗಾಳಿ ಯಾರಿಗೂ ಆಗುವುದಿಲ್ಲ. ನನಗೆ ಒಂದು ಸೀನು ಬರುವುದೂ ಅಪರೂಪ ಎಂದು ಹೇಳಿ ನೋಡಿದೆ. ರೋಗ ಒಳಗೆ ಅಡಗಿ ಕೂತಿದೆ, ಎಚ್ಚರವಾಗಿರಿ ಎಂದು ಅದು ಬಹಳ ಪ್ರೀತಿಯಿಂದ ಉತ್ತರ ಕೊಟ್ಟಿತು.

ಅಂದಿನಿಂದ ನಾನು ಒಬ್ಬಳೇ ಇದ್ದೇನೆ. ಪೇಟೆಯ ಗೋದಾಮಿನಲ್ಲಿ ಕಾಯಿ ಆರಿಸುವ ಯಂತ್ರಗಳನ್ನು ತೊಳೆಯುವುದು ನನ್ನ ಕೆಲಸ, ಎಲ್ಲರೂ ಮನೆಗೆ ಹೋದ ಮೇಲೆ ನನ್ನನ್ನು ಒಳಗೆ ಬಿಡುತ್ತಾರೆ. ಸಂಕ್ರಮಣಕ್ಕೆ ಕುಸುರೆಳ್ಳನ್ನು ಗೋಡೆಯ ಕಿಂಡಿಯಲ್ಲಿಟ್ಟು ಹೋಗುತ್ತಾರೆ, ನಾನು ಈ ಕಡೆಯಿಂದ ತೆಗೆದುಕೊಂಡು ನನ್ನದನ್ನು ಇಡುತ್ತೇನೆ. ಯಾರೂ ನನ್ನನ್ನು ಕೆಟ್ಟದಾಗಿ ಕಂಡವರಲ್ಲ. ಗಾಜಿನ ಆಚೆಯಿಂದ ಕೈ ಬೀಸುತ್ತಾರೆ, ಊಟವಾಯಿತೇ ಎನ್ನುತ್ತಾರೆ. ಆದರೂ ಇನ್ನೊಬ್ಬರ ಮೈ ಬಿಸಿ ಹೇಗಿರುತ್ತದೆ ಎನ್ನುವುದು ನನಗೆ ಮರೆತುಹೋಗುತ್ತಿದೆ, ಅದಕ್ಕೆ ನನಗೆ ಹೆದರಿಕೆಯಾಗುತ್ತದೆ. ಹೀಗಿರುವಾಗ ಒಂದು ಮಧ್ಯಾಹ್ನ ಬೇಸರಕ್ಕೆ ಮನೆಯುಸಿರನ್ನು ತೆರೆದು, ಹಿಂದೆ ಹಿಂದೆ ಹೋಗುತ್ತ, ನಿಮ್ಮ ಕಾಲದ ಊದುಗಳನ್ನು ಕೇಳಿದೆ. ಊದಿದ ಸದ್ದನ್ನೆಲ್ಲ ಆ್ಯಪ್ ಜೋಪಾನವಾಗಿ ಇಟ್ಟುಕೊಂಡಿದೆ. ಬುಸ್ ಎನ್ನುವ ಸದ್ದನ್ನು ಕೇಳುವವರು ಯಾರು? ಹಾಗಾಗಿ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಮೊದಲು ಒಬ್ಬಳೇ ಹೆಂಗಸು ಎಂದುಕೊಂಡೆ. ಆಮೇಲೆ ಊದಿನ ಹಿಂದೆ ಮುಂದೆ ಮಾತು ಕೇಳಿಸಿತು. ಮುದುಕಿಯೊಬ್ಬಳು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, ನಿನ್ನ ಹೆಸರಿಗೆ ಕೊಟ್ಟದ್ದನ್ನು ನಾನು ಊದಿದರೆ ನಡೆಯುತ್ತದೆಯೇ ಎಂದು ಅಳುಕುತ್ತ ಕೇಳುತ್ತಾಳೆ. ಅದಕ್ಕೆ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ.

“ನಡಿತೈತ್ರೀ ಅತ್ತಿ. ಅದಕ್ಕೇನ್ ಕಣ್ಣದಾವ? ನೀವು ಊದ್ರಿ, ಅದು ಹೇಳಿದ್ದ ಔಷಧ ನಿಮಗ ತರ್ತೀನಿ.”

ಕಣ್ಣಿಲ್ಲದ್ದು ನಿಜ, ಫಕ್ಕೀರವ್ವನವರೇ. ಅದಕ್ಕೇ ಅದು ನಿಮ್ಮೆಲ್ಲರನ್ನೂ ಒಬ್ಬಳೇ ಎಂದು ತಿಳಿಯಿತು. ಒಂದು ದಿನ ದಮ್ಮಿನ ಅತ್ತೆ ಊದಿದರು, ಒಂದು ದಿನ ಬೀಡಿ ಸೇದುವ ನಿಮ್ಮ ಯಜಮಾನರು, ಮೂಟೆ ಹೊತ್ತು ಬಂದ ಏದುಸಿರಿನಲ್ಲೇ ಊದಿದರು. ಒಂದು ದಿನ ಮೂಗು ಸುರಿಯುವ ಕೂಸು, ಊದಲು ಬಾರದೆ ನಕ್ಕು ಫೋನಿಗೆಲ್ಲ ಎಂಜಲು ಮಾಡಿತು. ಉಳಿದ ದಿನ ಕಣದಿಂದ ಘಾಟು ಕುಡಿದು ಬಂದ ನೀವು. ಇಷ್ಟು ರೋಗಗಳು ಒಂದೇ ಮೈಯಲ್ಲಿ ಸೇರಿರುವ ಹೆಂಗಸನ್ನು ಆ್ಯಪ್ ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಹೆಂಗಸು ಎಲ್ಲೂ ಇರಲಿಲ್ಲ, ಆದರೆ ಅವಳ ರೋಗ ಇಳಿದು ಬಂದು ನನ್ನ ಬಾಗಿಲು ಹಾಕಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಲ್ಕು ಜನ ಒಂದು ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ಕೂತದ್ದು ನನ್ನ ಕಿವಿಗೆ ಕಾಣಿಸುತ್ತಿತ್ತು. ತಟ್ಟೆ ಹಾಕಿಕೊಂಡು ಕೂತಾಗ ನಿಮ್ಮ ದನಿಗಳನ್ನು ಹಚ್ಚಿಟ್ಟುಕೊಂಡು ಉಣ್ಣುವುದು ನನಗೆ ಅಭ್ಯಾಸವಾಯಿತು. ಕೂಸು ನಕ್ಕಲ್ಲಿ ನಾನೂ ನಗುತ್ತೇನೆ. ಈ ಮನೆಯಲ್ಲಿ ನನಗಿರುವ ಜನ ನೀವೇ.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಆದರೆ ಸಾವಂತ್ರಿ ಈಗ ತುಂಬಿದ ಬಸುರಿ. ತಡವಾಗಿ ನಿಂತ ಚೊಚ್ಚಲು, ಜೊತೆಗೆ ದಮ್ಮು, ಅವಳಿಗೆ ಭಯ ಹತ್ತಿದೆ. ನಮಗೆ ಅವ್ವ ಇಲ್ಲ. ಹಿಂದಿನ ವಾರ ಗಾಜಿನ ಆಚೆ ಬಂದು ನಿಂತಳು, ಬಹಳ ಹೊತ್ತು ಅದೂ ಇದೂ ಮಾತಾಡಿ, ಹೊರಡುವಾಗ ಗಾಜಿಗೆ ಅಂಗೈ ಇಟ್ಟು ಹೇಳಿದಳು.

“ಅಕ್ಕಾ, ಹಡಿಯೂ ಮುಂದ ನೀ ನನ್ನ ಕೈ ಹಿಡ್ಕೊಂಡು ನಿಂದ್ರಬೇಕ. ಗಾಜಿನ ಆಚೆ ನಿಂತ್ರ ನನಗ ಧೈರ್ಯ ಬರಂಗಿಲ್ಲ.”

ನಾನು ತಲೆಯಾಡಿಸಿದೆ. ಅವಳು ಹೋದ ಮೇಲೆ ಅತ್ತುಬಿಟ್ಟೆ. ಅಳು ನಿಂತ ಮೇಲೆ, ನಾಲ್ಕು ಜನರ ಉಸಿರನ್ನು ನಾನೊಬ್ಬಳೇ ಯಾಕೆ ಹೊರಬೇಕು ಎಂಬ ಪ್ರಶ್ನೆ ಮೊದಲ ಸಲ ಹೊಳೆಯಿತು. ಆಸ್ತಿಯನ್ನು ಪಾಲು ಮಾಡುವ ಹಾಗೆ ಉಸಿರನ್ನೂ ಪಾಲು ಮಾಡಿಸಬಹುದು ಎಂದು ಕೇಳಿದ್ದೆ. ಓಣಿ ಖಾಲಿಯಿದ್ದ ಹೊತ್ತಿಗೆ ಚಿಲಕ ತೆರೆಸಿಕೊಂಡು ಉಸಿರು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ಗುರುಪಾದಪ್ಪ ಒಳ್ಳೆಯ ಮನುಷ್ಯ. ಗಾಜಿನ ಆಚೆ ಕೂತು ನಿಮ್ಮ ಊದುಗಳನ್ನು ಕೇಳಿದ, ಕೂಸು ನಕ್ಕಾಗ ಅವನೂ ನಕ್ಕ. ಇದು ಒಬ್ಬರ ಉಸಿರಲ್ಲ ಎಂದು ಕೂಡಲೇ ಒಪ್ಪಿದ. ಪಾಲಾದರೆ ನನ್ನ ಒಂಟಿಗಾಳಿ ಹೋಗುತ್ತದೆ, ತಲೆಗೆ ಎರೆದುಕೊಂಡು ಬಟ್ಟೆ ಬದಲಿಸಿ ಸಾವಂತ್ರಿಯ ಕೋಣೆಗೆ ಹೋಗಬಹುದು ಎಂದ. ಆಮೇಲೆ ಊದುಗಳನ್ನು ಮತ್ತೊಮ್ಮೆ ಮೊದಲಿನಿಂದ ಕೇಳಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟ.

“ಹೆಸರ ಕೇಳಿಸಿದ್ರ ಆ ಉಸಿರ ಇಟ್ಕೊಬಹುದ್ರಿ ಅಕ್ಕಾರ. ಇದರಾಗ ಒಬ್ಬರ ಹೆಸರೂ ಇಲ್ಲ. ಎಲ್ಲಾ ಅಳಸಬೇಕಾಗ್ತೈತಿ.”

ನಿಯಮ ಕೆಟ್ಟದ್ದಲ್ಲ. ಯಾರ ಮೈಯ ಸಂಗತಿಯೋ ಏನೋ, ಅವರ ಹೆಸರೂ ತಿಳಿಯದೆ ಇನ್ನೊಬ್ಬರು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಕಲು ಮಾಡಿಕೊಳ್ಳಲೂ ಬಿಡುವುದಿಲ್ಲ. ನಾನು ಮನೆಗೆ ಬಂದು ಹೆಸರಿಗಾಗಿ ಮತ್ತೆ ಎಲ್ಲವನ್ನೂ ಕೇಳಿದೆ. ನೀವು ಅತ್ತೆಯನ್ನು ಅತ್ತಿ ಎನ್ನುತ್ತೀರಿ. ಗಂಡನ ಹೆಸರು ಹೇಳಬಾರದು ಎಂದು ಅವರನ್ನು ಇವರಽ ಎಂದು ಕರೆಯುತ್ತೀರಿ. ಕೂಸು ಬರೀ ಕೂಸು, ಮುದ್ದು ಬಂದರೆ ಬಂಗಾರ. ಆ್ಯಪಿನಲ್ಲಿ ಫಕ್ಕೀರವ್ವ ಎಂದು ಬರೆದಿದೆ ನಿಜ, ಆದರೆ ಆ ನಾಲ್ಕು ದನಿಗಳಲ್ಲಿ ಫಕ್ಕೀರವ್ವ ಯಾರೆಂದು ತೋರಿಸುವ ಒಂದು ಮಾತೂ ಇಲ್ಲ. ಅತ್ತೆ ನಿಮ್ಮನ್ನು ಯವ್ವಾ ಎನ್ನುತ್ತಾರೆ, ಗಂಡ ಏ, ಕೇಳಿಲ್ಲಿ ಎನ್ನುತ್ತಾರೆ. ಆ ಮನೆಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಇಷ್ಟು ಪ್ರೀತಿಯ ಮನೆಯಲ್ಲಿ ಒಂದು ಹೆಸರು ಸಿಗಲಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಆ್ಯಪಿನಲ್ಲಿ ಒಂದು ಅನುಕೂಲ ಇನ್ನೂ ಉಳಿದಿದೆ. ನಿನ್ನೆ ಮೊನ್ನೆ ಏನಾದರೂ ತುಂಬುವುದು ಮರೆತಿದ್ದರೆ ಹಿಂದಿನ ತಾರೀಖಿಗೆ ಹೋಗಿ ಬರೆಯಬಹುದು. ಎಷ್ಟು ಹಿಂದೆ ಹೋಗಬಹುದು ಎಂಬುದಕ್ಕೆ ಯಾರೂ ಗೆರೆ ಎಳೆದಿಲ್ಲ. ನಾನು ನೀವು ಮೊದಲ ಸಲ ಊದಿದ ದಿನದವರೆಗೆ ಹೋಗಿ, ಅದರ ಹಿಂದಿನ ದಿನದ ಜಾಗದಲ್ಲಿ ಈ ಪತ್ರವನ್ನು ಇಡುತ್ತಿದ್ದೇನೆ. ಪಂಪು ತೆಗೆದುಕೊಂಡಿರೇ ಎಂದು ಕೇಳುವ ಸೂಚನೆಯ ಕೆಳಗೆ ಇದು ಕಾಣಿಸಿದರೂ ಕಾಣಿಸಬಹುದು. ಕಾಣಿಸದೆಯೂ ಹೋಗಬಹುದು.

ನನ್ನ ಕೋರಿಕೆ ಇಷ್ಟೇ. ಎಲ್ಲರಿಂದ ಊದಿಸುವುದನ್ನು ತಪ್ಪಿಸಬೇಡಿ. ಅತ್ತೆಗೆ ಔಷಧ ಬೇಕು, ಕೂಸಿಗೂ ಬೇಕು, ಬಾಗಿಲು ಹಾಕಿಸಿಕೊಂಡವಳು ನಾನೇ ಹೇಳುತ್ತಿದ್ದೇನೆ. ಆದರೆ ಊದುವ ಮುನ್ನ ಹೆಸರು ಹೇಳಿ. ಅತ್ತೆಯ ಹೆಸರು ಬಾಯಲ್ಲಿ ಬರದಿದ್ದರೆ ಅವರಿಂದಲೇ ಹೇಳಿಸಿ. ಗಂಡನ ಹೆಸರಿಗೆ ನಾಚಿಕೆಯಾದರೆ, ಮದುವೆಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತೀರಲ್ಲ, ಹಾಗೆ ಒಂದು ಒಡಪಿನಲ್ಲಿ ಸೇರಿಸಿ ಹೇಳಿ, ಗುರುಪಾದಪ್ಪನಿಗೆ ಅಷ್ಟು ಸಾಕು. ಕೂಸನ್ನು ಹೆಸರು ಹಿಡಿದು ಕರೆಯಿರಿ. ಎಲ್ಲರದೂ ಮುಗಿದ ಮೇಲೆ ನಿಮ್ಮ ಹೆಸರನ್ನು ನೀವೇ ಹೇಳಿಕೊಳ್ಳಿ. ಬೇರೆ ಯಾರೂ ಹೇಳುವುದಿಲ್ಲ.

ನಾಳೆ ಬೆಳಿಗ್ಗೆ ನಾನು ಕಚೇರಿಗೆ ಹೋಗಿ ಪಾಲಿನ ಕಾಗದಕ್ಕೆ ಸಹಿ ಹಾಕಬೇಕು. ಹೊರಡುವ ಮುನ್ನ ನಿಮ್ಮನ್ನೆಲ್ಲ ಇನ್ನೊಂದು ಸಲ ಕೇಳುತ್ತೇನೆ. ನೀವು ಇದನ್ನು ಓದಿದ್ದರೆ ಹೆಸರುಗಳು ಕೇಳಿಸುತ್ತವೆ, ಆಗ ನಿಮ್ಮನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಾಣಂತಿ ಸಾವಂತ್ರಿಗೆ ನಿಮ್ಮ ದನಿ ಕೇಳಿಸುತ್ತೇನೆ. ಕೇಳಿಸದಿದ್ದರೂ ಸಹಿ ಹಾಕುತ್ತೇನೆ, ಫಕ್ಕೀರವ್ವನವರೇ. ಸಾವಂತ್ರಿ ಕೈ ಚಾಚಿದಾಗ ನನ್ನ ಕೈ ಅಲ್ಲಿರಬೇಕು. ಅತ್ತೆಗಾಗಿ ನೀವು ಮಾಡಿದ್ದೂ ಇಂಥದ್ದೇ, ಆದ್ದರಿಂದ ನನ್ನ ಮೇಲೆ ಬೇಸರ ಮಾಡಿಕೊಳ್ಳಲಾರಿರಿ. ಇಷ್ಟು ವರ್ಷ ಜೊತೆಗೆ ಕೂತು ಉಂಡಿರಿ. ಇನ್ನು ನಾನು ಬರುತ್ತೇನೆ.

ನಿಮ್ಮ ಮನೆಯವಳು,
ಹೊನ್ನವ್ವ